ದೇವರ ಮೇಲೆ ಭಾರ ಹಾಕಿ ಪ್ರಾರ್ಥಿಸುವುದು ಹೇಗೆ? ಮುಂಬಯಿಯ ಕನ್ನಡ ಮನೆಗಳಿಗೊಂದು ಮಾರ್ಗದರ್ಶಿ

“ದಿನವೂ ದೀಪ ಹಚ್ಚುತ್ತೇನೆ, ಸ್ತೋತ್ರ ಹೇಳುತ್ತೇನೆ. ಆದರೂ ರಾತ್ರಿ ದಿಂಬಿಗೆ ತಲೆಯಿಟ್ಟೊಡನೆ ಮಗನ ಪರೀಕ್ಷೆ, ಮನೆ ಸಾಲದ ಕಂತು, ಊರಿನಲ್ಲಿ ಒಬ್ಬರೇ ಇರುವ ಅತ್ತೆಯವರ ಆರೋಗ್ಯ ಎಲ್ಲವೂ ಒಂದರ ಹಿಂದೊಂದು ನೆನಪಾಗುತ್ತವೆ. ಹಾಗಾದರೆ ನನಗೆ ದೇವರಲ್ಲಿ ನಂಬಿಕೆಯೇ ಇಲ್ಲವೇ?” ಡೊಂಬಿವಲಿ, ಮೀರಾರೋಡ್, ನವಿಮುಂಬಯಿಯ ಓದುಗರು ಬೇರೆ ಬೇರೆ ಮಾತಿನಲ್ಲಿ ಕೇಳುತ್ತಿರುವುದು ಇದನ್ನೇ. ಅದರ ಬೆನ್ನಿಗೇ ಇನ್ನೊಂದು ಪ್ರಶ್ನೆ ಬರುತ್ತದೆ: “ದೇವರಿಗೆ ಎಲ್ಲವೂ ಗೊತ್ತಿರುವಾಗ ನಾವು ಬಾಯಿಬಿಟ್ಟು ಕೇಳುವುದಾದರೂ ಏಕೆ?” ಎಲ್ಲರಿಗೂ ಉಪಯೋಗವಾಗಲಿ ಎಂದು ಉತ್ತರವನ್ನು ಹಂತ ಹಂತವಾಗಿ ಇಲ್ಲಿ ಬರೆಯುತ್ತಿದ್ದೇನೆ.

ನಾನು ಹೇಳುವುದು ಇಷ್ಟು: ನಂಬಿಕೆ ತಾನಾಗಿ ಮನಸ್ಸಿನಲ್ಲಿ ತುಂಬಿಕೊಳ್ಳಲಿ, ಆಮೇಲೆ ಪ್ರಾರ್ಥಿಸೋಣ ಎಂದು ಕಾಯಬೇಡಿ. ಬೇಕಾದದ್ದನ್ನು ಸ್ಪಷ್ಟವಾಗಿ ಕೇಳಿ. ಕೇಳಿದ್ದಕ್ಕೆ ಸಂಬಂಧಿಸಿದಂತೆ ನಿಮ್ಮ ಪಾಲಿನ ಕೆಲಸ ಯಾವುದೆಂದು ಗೊತ್ತುಮಾಡಿಕೊಳ್ಳಿ. ಉಳಿದದ್ದನ್ನು ಒಪ್ಪಿಸಿ ಮಲಗಿ. ಮನೆಮಂದಿ ಇದನ್ನು ದಿನವೂ ಮಾಡುತ್ತಾ ಬಂದಂತೆ ನಂಬಿಕೆ ಬಲಿಯುತ್ತದೆ.

ಶುರುಮಾಡುವ ಮುನ್ನ ತಿಳಿದಿರಬೇಕಾದದ್ದು

ಭಕ್ತಿಶಾಸ್ತ್ರದಲ್ಲಿ ಶರಣಾಗತಿ ಎಂದು ಒಂದಿದೆ. ‘ನಿನ್ನ ಪಾದವೇ ಗತಿ’ ಎಂದು ನಮ್ಮ ಹಿರಿಯರು ಕೈಮುಗಿಯುತ್ತಿದ್ದರಲ್ಲ, ಅದೇ. ಶ್ರೀವೈಷ್ಣವ ಪರಂಪರೆಯಲ್ಲಿ ಇದರ ಪಾಠ ವಿಸ್ತಾರವಾಗಿ ನಡೆಯುತ್ತದೆ. ಯಾವ ಮತದವರೂ ತಿಳಿದುಕೊಳ್ಳಬಹುದು. ಶರಣಾಗತಿಗೆ ಆರು ಅಂಗಗಳು. ದೇವರಿಗೆ ಮೆಚ್ಚುಗೆಯಾಗುವಂತೆ ನಡೆಯುತ್ತೇನೆಂಬ ಸಂಕಲ್ಪ ಮೊದಲನೆಯದು. ಅವನಿಗೆ ಒಪ್ಪದ್ದನ್ನು ಬಿಡುವುದು ಎರಡನೆಯದು. ಕಾಪಾಡುತ್ತಾನೆಂಬ ವಿಶ್ವಾಸ ಮೂರನೆಯದು. ‘ನೀನೇ ಕಾಪಾಡು’ ಎಂದು ಬೇಡಿಕೊಳ್ಳುವುದು ನಾಲ್ಕನೆಯದು. ಶಾಸ್ತ್ರ ಇದನ್ನು ಗೋಪ್ತೃತ್ವವರಣ ಎನ್ನುತ್ತದೆ, ಅಂದರೆ ಕಾಯುವವನಾಗಿ ಅವನನ್ನು ಆರಿಸಿಕೊಳ್ಳುವುದು. ತನ್ನನ್ನು ಒಪ್ಪಿಸಿಬಿಡುವುದು ಐದನೆಯದು. ನನ್ನೊಬ್ಬನ ಕೈಯಲ್ಲಿ ಆಗುವುದಿಲ್ಲ ಎಂಬ ದೈನ್ಯ, ಅಂದರೆ ಕಾರ್ಪಣ್ಯ, ಆರನೆಯದು.

ಈ ಪಟ್ಟಿಯನ್ನು ಇನ್ನೊಮ್ಮೆ ನೋಡಿ. ವಿಶ್ವಾಸಕ್ಕಿಂತ ಮೊದಲು ಬರುವ ಎರಡೂ ನಡತೆಗೆ ಸಂಬಂಧಿಸಿದವು. ಬಾಯಿಬಿಟ್ಟು ಕೇಳುವುದಕ್ಕೆ ಬೇರೆಯೇ ಒಂದು ಸ್ಥಾನವಿದೆ. ‘ದೇವರಿಗೆ ಗೊತ್ತಿದೆ, ಕೇಳುವುದೇಕೆ’ ಎಂಬ ಪ್ರಶ್ನೆಗೆ ಉತ್ತರ ಅಲ್ಲಿಯೇ ಇದೆ: ಕೇಳುವುದರಿಂದ ದೇವರಿಗೆ ಹೊಸದೇನೂ ತಿಳಿಯುವುದಿಲ್ಲ, ನಾವು ಯಾರನ್ನು ನೆಚ್ಚಿಕೊಂಡಿದ್ದೇವೆಂದು ನಮಗೆ ಖಚಿತವಾಗುತ್ತದೆ. ಇನ್ನು ‘ನನ್ನಿಂದ ಆಗುವುದಿಲ್ಲ’ ಎನಿಸುವ ರಾತ್ರಿಯ ಕಳವಳವಿದೆಯಲ್ಲ, ಅದು ನಂಬಿಕೆ ಸತ್ತಿದೆಯೆಂಬುದರ ಗುರುತಲ್ಲ. ಆರನೆಯ ಅಂಗ ಅದರಿಂದಲೇ ಹುಟ್ಟುತ್ತದೆ. ಆದ್ದರಿಂದ ಚಿಂತೆ ಬರುತ್ತಿದೆ ಎಂದು ನಿಮ್ಮನ್ನು ನೀವು ಹಳಿದುಕೊಳ್ಳುವುದನ್ನು ಮೊದಲು ನಿಲ್ಲಿಸಿ.

ಬೇಕಾಗುವ ಸಾಮಗ್ರಿ ಬಹಳವಿಲ್ಲ: ಒಂದು ಜಾಗ, ಒಂದು ದೀಪ, ಒಂದು ನೋಟುಪುಸ್ತಕ, ದಿನಕ್ಕೆ ಹತ್ತು ಹನ್ನೆರಡು ನಿಮಿಷ.

1. ಜಾಗ ಗೊತ್ತುಮಾಡಿ

ಒಂದೇ ಕೋಣೆಯ ಮನೆಯಲ್ಲಿ ದೇವರ ಕೋಣೆಯನ್ನು ಎಲ್ಲಿಂದ ತರುವುದು? ಗೋಡೆಯ ಕಪಾಟಿನ ಒಂದು ಅಂಕಣ ಸಾಕು. ಮನೆಮಂದಿ ಎದುರಿಗೆ ಚಾಪೆ ಹಾಸಿ ಕುಳಿತುಕೊಳ್ಳುವಂತಿದ್ದರೆ ಅದೇ ಒಳ್ಳೆಯ ಜಾಗ. ದಿಕ್ಕಿನ ಬಗ್ಗೆ ಕೇಳುವವರು ಬಹಳ. ಪೂರ್ವ ಇಲ್ಲವೇ ಉತ್ತರಕ್ಕೆ ಮುಖಮಾಡಿ ಕುಳಿತುಕೊಳ್ಳುವುದು ರೂಢಿ. ಆಗುವಂತಿದ್ದರೆ ಹಾಗೆ ಮಾಡಿ. ಆಗದಿದ್ದರೆ ಗೋಡೆ ಒಡೆಸಲು ಹೋಗಬೇಡಿ.

ಎಚ್ಚರಿಕೆ: ಅಡುಗೆಮನೆಯಲ್ಲೇ ದೇವರಿದ್ದರೆ ದೀಪವು ಅನಿಲದ ಕೊಳವೆ, ಸಿಲಿಂಡರ್, ಕಿಟಕಿಯ ಪರದೆಗಳಿಂದ ದೂರವಿರಲಿ. ಮನೆಗೆ ಬೀಗ ಹಾಕಿ ಹೊರಡುವಾಗ ಉರಿಯುವ ದೀಪ ಬಿಟ್ಟು ಹೋಗಬೇಡಿ. ಹೂವಿನ ತೊಟ್ಟಿನಿಂದ ಬತ್ತಿಯನ್ನು ಎಣ್ಣೆಗೆ ಸರಿಸಿ ದೀಪ ಶಾಂತ ಮಾಡಿದರೆ ಯಾವ ದೋಷವೂ ಇಲ್ಲ.

2. ಹೊತ್ತು ಗೊತ್ತುಮಾಡಿ

ಎಡವುವವರಲ್ಲಿ ಹೆಚ್ಚಿನವರು ಎಡವುವುದು ಈ ಹಂತದಲ್ಲಿ. ಊರಿನಲ್ಲಿ ಮುಸ್ಸಂಜೆಗೆ ಭಜನೆ ನಡೆಯುತ್ತಿತ್ತು, ಇಲ್ಲಿಯೂ ಹಾಗೆಯೇ ಆಗಬೇಕೆಂದು ಹಟ ಹಿಡಿದರೆ ವಾರದೊಳಗೆ ನಿಂತುಹೋಗುತ್ತದೆ. ಚರ್ಚ್‌ಗೇಟ್‌ನಿಂದಲೋ ಅಂಧೇರಿಯಿಂದಲೋ ಹೊರಟವರು ಮನೆ ಮುಟ್ಟುವಾಗ ರಾತ್ರಿ ಎಂಟೂವರೆ. ಹೀಗೆ ಮಾಡಿ: ಮುಸ್ಸಂಜೆಗೆ ಮನೆಯಲ್ಲಿ ಯಾರಿರುತ್ತಾರೋ ಅವರು ದೀಪ ಹಚ್ಚಿ ಕೈಮುಗಿಯಲಿ, ಅಜ್ಜಿ ಇರಬಹುದು, ಶಾಲೆ ಮುಗಿಸಿ ಬಂದ ಮಗಳಿರಬಹುದು. ಎಲ್ಲರೂ ಕೂಡುವ ಪ್ರಾರ್ಥನೆ ರಾತ್ರಿಯ ಊಟಕ್ಕೆ ಮೊದಲು ನಡೆಯಲಿ. ಪಾಳಿಯ ಕೆಲಸದವರಿರುವ ಮನೆಯಲ್ಲಿ ವಾರಕ್ಕೆ ಮೂರು ದಿನ ಸಾಧ್ಯವಾದರೂ ಸರಿ, ಆ ಮೂರು ದಿನಗಳು ಯಾವುವೆಂದು ಮೊದಲೇ ನಿಶ್ಚಯವಾಗಿರಲಿ.

ಮಂಗಳೂರು ಮೂಲದ ಕ್ಯಾಥೊಲಿಕ್ ಮನೆಗಳಲ್ಲಿ ರಾತ್ರಿ ತೇರ್ಸ್ ನಡೆಯುತ್ತದೆ; ಜಪಮಾಲೆ ಹಿಡಿದು ಮನೆಮಂದಿಯೆಲ್ಲ ಸೇರಿ ಮಾಡುವ ಪ್ರಾರ್ಥನೆ ಅದು. ಆ ಹೊತ್ತಿಗೆ ನೆಂಟರು ಬಂದರೆ ಅವರೂ ಜೊತೆಗೆ ಕುಳಿತುಕೊಳ್ಳುತ್ತಾರೆ. ಆ ಶಿಸ್ತು ನಾವೆಲ್ಲ ಕಲಿಯುವಂಥದ್ದು.

3. ಹತ್ತು ಹನ್ನೆರಡು ನಿಮಿಷದ ಕ್ರಮ

ಮೊದಲ ಎರಡು ಮೂರು ನಿಮಿಷ ಸ್ತುತಿ. ಮನೆಯಲ್ಲಿ ನಡೆದುಬಂದ ಒಂದು ಶ್ಲೋಕ, ಒಂದು ದಾಸರ ಪದ ಅಥವಾ ವಚನ. ದಿನಕ್ಕೊಂದು ಹೊಸದು ಬೇಕಿಲ್ಲ. ಒಂದೇ ಪದವನ್ನು ತಿಂಗಳಿಡೀ ಹಾಡಿದರೆ ಮಕ್ಕಳಿಗೆ ಬಾಯಿಪಾಠವಾಗುತ್ತದೆ.

ಆಮೇಲೆ ಕೃತಜ್ಞತೆ. ಪ್ರತಿಯೊಬ್ಬರೂ ಆ ದಿನ ನಡೆದ ಒಂದು ಒಳ್ಳೆಯದನ್ನು ಹೆಸರಿಸಿ ಹೇಳಲಿ. ‘ಎಲ್ಲ ಒಳ್ಳೆಯದಾಯಿತು’ ಎಂದರೆ ಸಾಲದು. ‘ರೈಲಿನಲ್ಲಿ ಒಬ್ಬರು ಎದ್ದು ನನಗೆ ಜಾಗ ಕೊಟ್ಟರು’ ಎಂಬುದು ಕೃತಜ್ಞತೆ.

ಮೂರನೆಯದು ಕೇಳಿಕೆ, ಅದರ ಬಗೆಯನ್ನು ಮುಂದಿನ ಹಂತದಲ್ಲಿ ಹೇಳುತ್ತೇನೆ. ಕೊನೆಗೆ ಒಂದು ನಿಮಿಷ ಮೌನ. ಈ ಮೌನವನ್ನು ಬಿಡಬೇಡಿ. ಪಕ್ಕದ ಮನೆಯ ಟಿವಿ, ಕೆಳಗಿನ ರಿಕ್ಷಾ, ಮೇಲಿನ ಮಹಡಿಯ ಮಿಕ್ಸರ್ ಎಲ್ಲವೂ ಕೇಳಿಸುತ್ತಲೇ ಇರುತ್ತವೆ. ಕೇಳಿಸಲಿ, ಸುಮ್ಮನೆ ಕುಳಿತಿರಿ.

ಎಚ್ಚರಿಕೆ: ಧ್ವನಿಮುದ್ರಿತ ಸ್ತೋತ್ರ ಹಾಕಿಟ್ಟು ಒಗ್ಗರಣೆ ಹಾಕುವುದನ್ನು ಪ್ರಾರ್ಥನೆಯ ಲೆಕ್ಕಕ್ಕೆ ಸೇರಿಸಬೇಡಿ. ಬೆಳಿಗ್ಗೆ ಕಿವಿಗೆ ಬೀಳುವುದು ಒಳ್ಳೆಯದೇ. ಆದರೆ ಈ ಹತ್ತು ನಿಮಿಷ ನಿಮ್ಮದೇ ಬಾಯಿ, ನಿಮ್ಮದೇ ಧ್ವನಿ ಇರಬೇಕು. ಶ್ರುತಿ ತಪ್ಪಿದರೆ ತಪ್ಪಲಿ. ಮೊಬೈಲುಗಳು ಇನ್ನೊಂದು ಕೋಣೆಯಲ್ಲಿರಲಿ.

4. ಹೆಸರು ಹಿಡಿದು, ದಿನ ಹೇಳಿ ಕೇಳಿ

ಪೂಜೆಗೆ ಕುಳಿತಾಗ ಪುರೋಹಿತರು ಮೊದಲು ಸಂಕಲ್ಪ ಮಾಡಿಸುತ್ತಾರೆ. ಯಾವ ಸಂವತ್ಸರ, ಯಾವ ಮಾಸ, ಯಾವ ತಿಥಿ, ಯಾವ ನದಿಯ ಯಾವ ದಂಡೆ, ಯಾವ ಗೋತ್ರದ ಯಾರು, ಏತಕ್ಕಾಗಿ ಎಂಬುದನ್ನೆಲ್ಲ ಹೇಳಿಸಿ ಆಮೇಲೆ ಪೂಜೆ ಆರಂಭವಾಗುತ್ತದೆ. ‘ಗೋದಾವರಿಯ ದಕ್ಷಿಣ ದಂಡೆ’ ಎಂದು ಊರಿನಲ್ಲಿ ಹೇಳುವುದು ಇಲ್ಲಿಗೂ ಸಲ್ಲುತ್ತದೆ. ನಾಸಿಕದ ಗೋದಾವರಿ ಮುಂಬಯಿಗೆ ಉತ್ತರದಲ್ಲಿದೆ. ಕರಾವಳಿಯವರು ಹೇಳುವ ಪರಶುರಾಮ ಕ್ಷೇತ್ರದಲ್ಲಿ ಈ ಕೊಂಕಣವೂ ಸೇರಿದೆ. ಇಷ್ಟು ನಿಖರವಾಗಿ ನಿಂತ ನೆಲವನ್ನೂ ದಿನವನ್ನೂ ಹೇಳಿ ಬೇಡುವ ಪದ್ಧತಿ ನಮ್ಮದು. ಹಾಗಿರುವಾಗ ಮನೆಯಲ್ಲಿ ಮಾತ್ರ ‘ಎಲ್ಲರನ್ನೂ ಚೆನ್ನಾಗಿ ಇಡಪ್ಪಾ’ ಎಂದು ಒಂದೇ ಮಾತಿನಲ್ಲಿ ಮುಗಿಸಿಬಿಡುತ್ತೇವೆ.

ಕನ್ನಡದಲ್ಲೇ, ಮನೆಯ ಮಾತಿನಲ್ಲೇ ಕೇಳಿ. ತುಳುವಿನಲ್ಲಿ ಯೋಚಿಸುವವರು ತುಳುವಿನಲ್ಲಿ, ಕೊಂಕಣಿಯವರು ಕೊಂಕಣಿಯಲ್ಲಿ. ಒಂದು ಮಾದರಿ ಕೊಡುತ್ತೇನೆ:

“ಸ್ವಾಮಿ, ನಾಳೆ ಗುರುವಾರ ಬೆಳಿಗ್ಗೆ ಅಪ್ಪನ ಸ್ಕ್ಯಾನಿಂಗ್ ಇದೆ. ನನಗೆ ಹೆದರಿಕೆಯಾಗುತ್ತಿದೆ. ವರದಿ ಚೆನ್ನಾಗಿ ಬರಲಿ. ಹಾಗೆ ಬರದಿದ್ದರೆ ಮುಂದಿನದನ್ನು ಯೋಚಿಸುವ ಸ್ತಿಮಿತ ಕೊಡು. ಅಪ್ಪನ ಎದುರು ನಾನು ಕಂಗೆಡದಂತೆ ನೋಡಿಕೋ.”

ಇದರಲ್ಲಿ ಬೇಡಿಕೆ ಮುಚ್ಚುಮರೆಯಿಲ್ಲದೆ ಬಂದಿದೆ, ಹೆದರಿಕೆಯನ್ನೂ ಒಪ್ಪಿಕೊಂಡಾಗಿದೆ. ‘ಹಾಗೆ ಬರದಿದ್ದರೆ’ ಎಂಬ ಮಾತು ಕೂಡ ಇದೆ. ಕೆಟ್ಟದ್ದನ್ನು ಬಾಯಲ್ಲಿ ಆಡಬಾರದು, ‘ಅಸ್ತು’ ಎನ್ನುವ ದೇವತೆಗಳು ಓಡಾಡುತ್ತಿರುತ್ತಾರೆ ಎಂದು ಹಿರಿಯರು ಹೇಳುವುದುಂಟು. ಅವರ ಎದುರು ವಾದ ಬೇಡ. ನಿಮ್ಮ ಮನಸ್ಸಿನಲ್ಲಿ ಹೇಳಿಕೊಳ್ಳಿ. ಭಯವನ್ನು ದೇವರಿಂದಲೂ ಅಡಗಿಸಿಟ್ಟರೆ ಇನ್ನು ಯಾರಲ್ಲಿ ಹೇಳುವುದು?

ಎಚ್ಚರಿಕೆ: ಇನ್ನೊಬ್ಬರಿಗೆ ಕೆಡುಕಾಗಲಿ ಎಂಬ ಕೇಳಿಕೆ ಸಲ್ಲದು. ‘ಭಾವನವರಿಗೆ ಬುದ್ಧಿ ಬರಲಿ’ ಎಂದು ಎಲ್ಲರ ಎದುರು ಕೇಳುವುದೂ ಜಗಳಕ್ಕೆ ದಾರಿ. ಅಂಥದ್ದನ್ನು ಒಬ್ಬರೇ ಇರುವಾಗ ಕೇಳಿ, ಅದರ ಜೊತೆಗೆ ನಿಮ್ಮ ಬುದ್ಧಿಗಾಗಿಯೂ ಕೇಳಿ.

5. ನೋಟುಪುಸ್ತಕದಲ್ಲಿ ನಿಮ್ಮ ಪಾಲು ಬರೆಯಿರಿ

ಈ ಹಂತವನ್ನು ಬಿಟ್ಟರೆ ಉಳಿದದ್ದು ಅರ್ಧ. ಪುಟದ ನಡುವೆ ಗೆರೆ ಎಳೆಯಿರಿ. ಎಡಕ್ಕೆ ತಾರೀಕು ಹಾಕಿ ಕೇಳಿಕೆ ಬರೆಯಿರಿ, ಬಲಕ್ಕೆ ನಿಮ್ಮಿಂದ ಆಗಬೇಕಾದ ಕೆಲಸ.

ಎಡಕ್ಕೆ ‘ಮಗಳ ಹನ್ನೆರಡನೆಯ ತರಗತಿ ಚೆನ್ನಾಗಿ ಆಗಲಿ’ ಎಂದಿದ್ದರೆ ಬಲಕ್ಕೆ ‘ರಾತ್ರಿ ಒಂಬತ್ತರ ನಂತರ ಟಿವಿ ಬೇಡ, ಊಟದ ಹೊತ್ತಿನಲ್ಲಿ ಅಂಕಗಳ ಮಾತು ಎತ್ತುವುದಿಲ್ಲ’ ಎಂದು ಬರಲಿ. ‘ಅಮ್ಮನ ಸಕ್ಕರೆ ಕಾಯಿಲೆ ಹತೋಟಿಗೆ ಬರಲಿ’ ಎಂಬುದರ ಎದುರು ‘ಎಚ್‌ಬಿಎ1ಸಿ ಪರೀಕ್ಷೆ ಮಾಡಿಸುವುದು, ಸಂಜೆ ಅರ್ಧ ಗಂಟೆ ಜೊತೆಗೆ ನಡೆಯುವುದು’ ಎಂದಿರಲಿ. ಹಿಂದಿನ ಎರಡು ಮೂರು ತಿಂಗಳ ಸಕ್ಕರೆಯ ಸರಾಸರಿ ತೋರಿಸುವ ರಕ್ತಪರೀಕ್ಷೆ ಅದು. ‘ಇವರ ಕೆಲಸ ಉಳಿಯಲಿ’ ಎಂದು ಕೇಳಿದವರು ‘ಖರ್ಚಿನ ಲೆಕ್ಕ ಬರೆಯುವುದು, ಕಂತು ತಪ್ಪುವ ಮೊದಲೇ ಬ್ಯಾಂಕಿಗೆ ಹೋಗಿ ಮಾತನಾಡುವುದು’ ಎಂದು ಬರೆದುಕೊಳ್ಳಿ.

ಬಲಗಡೆ ಬರೆಯಲು ಏನೂ ಇಲ್ಲದ ಕೇಳಿಕೆಗಳೂ ಇರುತ್ತವೆ. ಊರಿನಲ್ಲಿ ಹಾಸಿಗೆ ಹಿಡಿದಿರುವ ಚಿಕ್ಕಪ್ಪನಿಗಾಗಿ ಇಲ್ಲಿಂದ ಮಾಡಬಹುದಾದದ್ದು ಭಾನುವಾರದ ಒಂದು ಫೋನ್ ಕರೆ ಇರಬಹುದು, ಅಷ್ಟೂ ಇಲ್ಲದಿರಬಹುದು. ಅಲ್ಲಿ ‘ಒಪ್ಪಿಸಿದ್ದೇನೆ’ ಎಂದು ಬರೆಯಿರಿ. ತಿಂಗಳಿಗೊಮ್ಮೆ ಪುಸ್ತಕ ತೆರೆದು ಎಲ್ಲರೂ ಕೂಡಿ ಓದಿ. ಈಡೇರಿದ್ದನ್ನು ಗುರುತು ಮಾಡಿ. ಎಷ್ಟೋ ಸಲ ಕೇಳಿದ್ದನ್ನೇ ನಾವು ಮರೆತಿರುತ್ತೇವೆ, ಅದು ಸದ್ದಿಲ್ಲದೆ ಆಗಿಹೋಗಿರುತ್ತದೆ.

ಎಚ್ಚರಿಕೆ, ಇದನ್ನು ದಯವಿಟ್ಟು ಗಮನವಿಟ್ಟು ಓದಿ: ಪ್ರಾರ್ಥಿಸುತ್ತಿದ್ದೇನೆಂದು ಔಷಧಿ ನಿಲ್ಲಿಸಬೇಡಿ. ಏಕಾದಶಿಯ ಉಪವಾಸವಿರುವ ಸಕ್ಕರೆ ಕಾಯಿಲೆಯವರು ಮಾತ್ರೆ, ಇನ್ಸುಲಿನ್ ಬಗ್ಗೆ ವೈದ್ಯರನ್ನು ಮೊದಲೇ ಕೇಳಬೇಕು; ರೋಗಿಗಳಿಗೆ, ಮಕ್ಕಳಿಗೆ, ವೃದ್ಧರಿಗೆ ಉಪವಾಸದಲ್ಲಿ ವಿನಾಯಿತಿಯನ್ನು ಶಾಸ್ತ್ರವೇ ಕೊಟ್ಟಿದೆ. ಶಸ್ತ್ರಚಿಕಿತ್ಸೆಗೆ ಮುನ್ನ ಹೊಟ್ಟೆ ಖಾಲಿಯಿರಲಿ ಎಂದು ವೈದ್ಯರು ಹೇಳಿದ್ದರೆ ತೀರ್ಥ, ಪ್ರಸಾದವನ್ನೂ ಕೊಡಬಾರದು. ಅರಿವಳಿಕೆಯಲ್ಲಿ ವಾಂತಿಯಾಗಿ ಶ್ವಾಸಕೋಶಕ್ಕೆ ಇಳಿದರೆ ಪ್ರಾಣಕ್ಕೇ ಸಂಚಕಾರ. ಪ್ರಸಾದವನ್ನು ತಲೆದಿಂಬಿನ ಬಳಿ ಇಟ್ಟು ಆಮೇಲೆ ಕೊಡಿ. ವಾರ್ಡಿನಲ್ಲಿ ಆಮ್ಲಜನಕದ ಕೊಳವೆಗಳಿರುತ್ತವೆ, ಊದುಬತ್ತಿ, ದೀಪ ಯಾವುದೂ ಕೂಡದು.

‘ದೋಷ ಇದೆ, ಪರಿಹಾರಕ್ಕೆ ಇಷ್ಟು ಸಾವಿರ’ ಎಂದು ಹೆದರಿಸುವವರಿಂದ ದೂರವಿರಿ. ಮಹಾರಾಷ್ಟ್ರದಲ್ಲಿ ನರಬಲಿ, ಮಾಟಮಂತ್ರ ಮುಂತಾದ ಅಮಾನವೀಯ ಆಚರಣೆಗಳ ವಿರುದ್ಧ 2013ರಿಂದ ಕಾಯ್ದೆಯಿದೆ. ಹಾವು, ನಾಯಿ, ಚೇಳು ಕಚ್ಚಿದವರನ್ನು ಚಿಕಿತ್ಸೆಗೆ ಹೋಗದಂತೆ ತಡೆದು ಮಂತ್ರ ಹಾಕುವುದೂ ಅದರಡಿ ಅಪರಾಧ. ದೇವರಲ್ಲಿ ನಂಬಿಕೆಯಿಟ್ಟವರು ಇಂಥವರಿಗೆ ಅಂಜಬೇಕಿಲ್ಲ.

6. ರಾತ್ರಿ ಚಿಂತೆ ಮರಳಿ ಬಂದಾಗ

ಒಪ್ಪಿಸಿಯೂ ಚಿಂತೆ ಬರುತ್ತದೆ. ಬಂದಾಗ ಎದ್ದು ಕುಳಿತು ಮತ್ತೆ ಎಲ್ಲವನ್ನೂ ಮೊದಲಿನಿಂದ ಕೇಳಲು ಹೋಗಬೇಡಿ, ನಿದ್ದೆ ಪೂರ್ತಿ ಹಾಳಾಗುತ್ತದೆ. ‘ಇದನ್ನು ಸಂಜೆ ನಿನ್ನ ಕೈಗೆ ಕೊಟ್ಟಿದ್ದೇನೆ’ ಎಂದು ಒಂದೇ ಮಾತು ಹೇಳಿ, ನಾಮಸ್ಮರಣೆಗೆ ತೊಡಗಿ. ನಾಮಸ್ಮರಣೆ ಎಂದರೆ ನಿಮ್ಮ ಇಷ್ಟದೈವದ ಹೆಸರನ್ನು ಮೆಲ್ಲನೆ ಹೇಳಿಕೊಳ್ಳುತ್ತಿರುವುದು. ಜಪಮಾಲೆ ಹುಡುಕಬೇಕಿಲ್ಲ. ಹೆಬ್ಬೆರಳಿನಿಂದ ಉಳಿದ ನಾಲ್ಕು ಬೆರಳುಗಳ 12 ಗೆಣ್ಣುಗಳನ್ನು ಮುಟ್ಟುತ್ತಾ ಹೋದರೆ 9 ಸುತ್ತಿಗೆ 108 ಆಗುತ್ತದೆ. ಎಣಿಕೆ ತಪ್ಪಿ ನಿದ್ದೆ ಹತ್ತಿದರೆ ಒಳ್ಳೆಯದೇ ಆಯಿತು.

ಲೋಕಲ್ ರೈಲಿನಲ್ಲಿಯೂ ಇದೇ ಕ್ರಮ ಒದಗುತ್ತದೆ. ಇಲ್ಲಿನ ರೈಲುಗಳಲ್ಲಿ ತಾಳ ಹಿಡಿದು ಹಾಡುವ ಭಜನಾ ಮಂಡಳಿಗಳನ್ನು ನೀವು ನೋಡಿರಬಹುದು, ಮನಸ್ಸಿದ್ದರೆ ದನಿಗೂಡಿಸಿ. ಒಂಟಿಯಾಗಿದ್ದರೆ ಬೆರಳ ಗೆಣ್ಣು ಸಾಕು. ಬಾಗಿಲ ಬಳಿ ನಿಂತಿರುವಾಗ ಮಾತ್ರ ಕಣ್ಣು ಮುಚ್ಚಬೇಡಿ.

ಎರಡು ವಾರಕ್ಕೂ ಹೆಚ್ಚು ಕಾಲ ನಿದ್ದೆಯಿಲ್ಲದೆ, ಯಾವುದರಲ್ಲೂ ಮನಸ್ಸಿಲ್ಲದೆ, ಬದುಕೇ ಬೇಡವೆನಿಸುತ್ತಿದ್ದರೆ ಅದನ್ನು ಭಕ್ತಿಯ ಕೊರತೆಯೆಂದು ತಿಳಿಯಬೇಡಿ. ವೈದ್ಯರನ್ನು ಕಾಣಬೇಕಾದ ಸ್ಥಿತಿ ಅದು. ಸರಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲೂ ಉಚಿತವಾಗಿ ಕರೆ ಮಾಡಬಹುದು. ಸಹಾಯ ಕೇಳುವುದು ನಂಬಿಕೆಗೆ ಎರವಾದದ್ದಲ್ಲ.

7. ಹರಕೆ ಹೊರುವ ಮುನ್ನ ಯೋಚಿಸಿ

ಹರಕೆ ನಮ್ಮ ಮಣ್ಣಿನಲ್ಲೇ ಇದೆ, ಅದನ್ನು ಹಗುರವಾಗಿ ಕಾಣುವವಳು ನಾನಲ್ಲ. ಕಷ್ಟದ ಗಳಿಗೆಯಲ್ಲಿ ಹಳದಿ ಬಟ್ಟೆಯಲ್ಲಿ ನಾಣ್ಯ ಕಟ್ಟಿ ಮುಡಿಪು ತೆಗೆದಿಡುವ ಕೈಯಲ್ಲಿ ಎಷ್ಟು ನಂಬಿಕೆ ಇರುತ್ತದೆಂದು ನೋಡಿದವರಿಗೆ ಗೊತ್ತು. ಆದರೆ ಮುಂಬಯಿಯವರಿಗೆ ಒಂದು ತೊಡಕಿದೆ: ಹೊತ್ತ ಹರಕೆ ತೀರಿಸಬೇಕಾದ ದೇವರು ಊರಿನಲ್ಲಿ, ನಾವು ಇಲ್ಲಿ. ರಜೆ ಸಿಗುವುದಿಲ್ಲ, ವರ್ಷಗಳು ಉರುಳುತ್ತವೆ. ಆಮೇಲೆ ಮನೆಯಲ್ಲಿ ಯಾರಿಗೆ ಜ್ವರ ಬಂದರೂ ‘ಹರಕೆ ಬಾಕಿಯಿದೆ’ ಎಂಬ ಅಂಜಿಕೆ. ನಂಬಿಕೆಯಿಂದ ಹೊತ್ತದ್ದು ಹೀಗೆ ಭಯವಾಗಿ ಮಾರ್ಪಡುತ್ತದೆ.

ಆದ್ದರಿಂದ ಮೊದಲನೆಯದು, ಕೈಲಾಗುವ ಹರಕೆ ಮಾತ್ರ. ಹೂವಿನ ಪೂಜೆ, ಒಂದು ಹೊತ್ತಿನ ಅನ್ನದಾನ, ಒಂದು ಮಗುವಿನ ಶಾಲೆಯ ಪುಸ್ತಕದ ಖರ್ಚು. ಕಟೀಲು ಮೇಳದ ಹರಕೆ ಆಟ, ಅಂದರೆ ಹರಕೆಯ ಯಕ್ಷಗಾನ, ಹೇಳಿಕೊಳ್ಳುವವರು ತಿಳಿದಿರಬೇಕು: ಅದರ ಸರದಿಗೆ ವರ್ಷಗಟ್ಟಲೆ ಕಾಯಬೇಕಾಗುತ್ತದೆ, ಮೇಳದ ತಿರುಗಾಟವೂ ಪತ್ತನಾಜೆಗೆ, ಅಂದರೆ ಮೇ ಕೊನೆಯ ವಾರದ ಹೊತ್ತಿಗೆ, ಮುಗಿಯುತ್ತದೆ. ಕುಕ್ಕೆ ಸುಬ್ರಹ್ಮಣ್ಯದ ಸರ್ಪಸಂಸ್ಕಾರಕ್ಕೆ ಎರಡು ದಿನ ಅಲ್ಲಿಯೇ ಇರಬೇಕು. ಇವನ್ನು ತಿಳಿದೇ ಹೊರಬೇಕು.

ಎರಡನೆಯದು, ಹೊತ್ತದ್ದನ್ನು ಅದೇ ನೋಟುಪುಸ್ತಕದಲ್ಲಿ ಬರೆದಿಡಿ. ಯಾರು, ಯಾವಾಗ, ಏನು ಹೊತ್ತರೆಂದು ಮನೆಯ ಇನ್ನೊಬ್ಬರಿಗೆ ಗೊತ್ತಿರಲಿ. ಅತ್ತೆಯವರು ಹೊತ್ತದ್ದು ಅವರ ಕಾಲದ ನಂತರ ಸೊಸೆಗೆ ತಿಳಿಯದೆ ಉಳಿಯುವುದು ಬಹಳ ಮನೆಗಳ ಕಥೆ.

ಮೂರನೆಯದು, ಈಡೇರಿದೊಡನೆ ದಿನ ಗೊತ್ತುಮಾಡಿ. ರೈಲಿನ ಟಿಕೆಟನ್ನು 2024ರ ನವೆಂಬರ್ 1ರಿಂದ 60 ದಿನ ಮುಂಚಿತವಾಗಿ ಮಾತ್ರ ಕಾಯ್ದಿರಿಸಬಹುದು, ಮೊದಲಿನ 120 ದಿನದ ಅವಕಾಶ ಈಗಿಲ್ಲ. ಮಳೆಗಾಲದಲ್ಲಿ ಕೊಂಕಣ ರೈಲುಮಾರ್ಗದ ವೇಳಾಪಟ್ಟಿ ಬೇರೆ. ಸೇವೆಯ ಹಣವನ್ನು ದೇವಸ್ಥಾನದ ಅಧಿಕೃತ ಕೌಂಟರ್ ಅಥವಾ ಜಾಲತಾಣದಲ್ಲೇ ಕಟ್ಟಿ. ಯಾರೋ ಮೊಬೈಲಿಗೆ ಕಳಿಸಿದ ಕ್ಯೂಆರ್ ಕೋಡ್‌ಗೆ ಹಣ ಹಾಕಬೇಡಿ.

ಹಳೆಯ ಹರಕೆ ಏನೆಂದೇ ನೆನಪಿಲ್ಲವೇ? ಅದಕ್ಕೆ ಊರಿನಲ್ಲಿ ತಪ್ಪುಕಾಣಿಕೆಯ ಪದ್ಧತಿಯಿದೆ. ಅರಿಯದೆ ಆದ ಲೋಪಕ್ಕೆ ಕ್ಷಮೆ ಕೇಳಿ ಹುಂಡಿಗೆ ಹಾಕುವ ಕಾಣಿಕೆ ಅದು. ಕ್ಷಮೆ ಕೇಳಿ, ಹಾಕಿ, ಅಲ್ಲಿಗೆ ಬಿಡಿ. ಮಗುವಿನ ಜ್ವರಕ್ಕೂ ಬಾಕಿ ಹರಕೆಗೂ ಗಂಟು ಹಾಕುತ್ತಾ ಕೂರಬೇಡಿ.

8. ಮಕ್ಕಳನ್ನು ಕೂಡಿಸಿಕೊಳ್ಳುವುದು

ಇಲ್ಲಿ ಬೆಳೆದ ಮಕ್ಕಳಲ್ಲಿ ಹಲವರಿಗೆ ಕನ್ನಡ ಓದಲು ಬರುವುದಿಲ್ಲ. ಶಾಲೆಯಲ್ಲಿ ಮರಾಠಿ, ಹಿಂದಿ ಕಲಿಯುವುದರಿಂದ ದಾಸರ ಪದವನ್ನು ದೇವನಾಗರಿಯಲ್ಲಿ ಬರೆದುಕೊಡುವ ಉಪಾಯ ಎಷ್ಟೋ ಮನೆಗಳಲ್ಲಿದೆ. ಒಳ್ಳೆಯದೇ. ಆದರೆ ಮರಾಠಿಯ ಬರಹದಲ್ಲಿ ಎ–ಏ, ಒ–ಓ ಭೇದವಿಲ್ಲ. ‘ಕೊಡು’, ‘ಕೋಡು’ ಎರಡೂ ಒಂದೇ ರೀತಿ ಕಾಣುತ್ತವೆ. ಹಾಗಾಗಿ ಮೊದಲು ಬಾಯಿಂದ ಬಾಯಿಗೆ ಹೇಳಿಕೊಡಿ, ಕಾಗದ ನೆನಪಿಗಷ್ಟೇ ಇರಲಿ. ಬಿಡುವಿನಲ್ಲಿ ಕನ್ನಡ ಅಕ್ಷರವನ್ನೂ ಕಲಿಸಿ.

ಕಟ್ಟಡದ ಗಣೇಶೋತ್ಸವದಲ್ಲಿ ಮಕ್ಕಳು ಮರಾಠಿ ಆರತಿಯನ್ನು ಗಟ್ಟಿಯಾಗಿ ಹಾಡುತ್ತಾರೆ. ಮನೆಯಲ್ಲಿಯೂ ಹಾಡಲಿ. ದೇವರ ಮುಂದೆ ಭಾಷೆಯ ಬೇಲಿ ಬೇಡ.

ಮಕ್ಕಳ ಕೇಳಿಕೆಯನ್ನು ತಿದ್ದಬೇಡಿ. ‘ನಾಳೆ ಮಳೆ ಬಂದು ಶಾಲೆಗೆ ರಜೆ ಸಿಗಲಿ’ ಎಂದು ಕೇಳಿದರೆ ಕೇಳಲಿ, ಒಳಗಿನದನ್ನು ಹೇಳಿಕೊಳ್ಳುವ ಅಭ್ಯಾಸ ಅಲ್ಲಿಂದಲೇ ಶುರು. ‘ಸುಳ್ಳು ಹೇಳಿದರೆ ದೇವರು ಕಣ್ಣು ಕೀಳುತ್ತಾನೆ’ ಎಂಬ ಮಾತನ್ನು ಮಾತ್ರ ಮನೆಯಿಂದಲೇ ತೆಗೆದುಹಾಕಿ. ಹೆದರಿಸಿ ಬೆಳೆಸಿದ ಮಗು ಮುಂದೆ ಕಷ್ಟ ಬಂದಾಗ ದೇವರ ಬಳಿಗೆ ಓಡಿಹೋಗುವುದಿಲ್ಲ, ಅಡಗಿಕೊಳ್ಳುತ್ತದೆ. ಹದಿಹರೆಯದವರು ಕೂರಲು ಒಲ್ಲೆನೆಂದರೆ ಎಳೆದು ಕೂರಿಸಬೇಡಿ. ಬಾಗಿಲು ತೆರೆದಿರಲಿ, ನಿಮ್ಮ ಪ್ರಾರ್ಥನೆ ಅವರ ಕಿವಿಗೆ ಬೀಳಲಿ.

9. ಜಗಳವಾದ ದಿನ

ಗಂಡ ಹೆಂಡತಿ ಮಾತು ಬಿಟ್ಟ ದಿನವೂ ಕೂತುಕೊಳ್ಳಿ. ಆ ದಿನ ಕೇಳಿಕೆ ಬೇಡ. ಸ್ತುತಿ ಹೇಳಿ, ಮೌನವಾಗಿದ್ದು ಏಳಿ. ತಪ್ಪು ನಿಮ್ಮದೆಂದು ಗೊತ್ತಿದ್ದರೆ ದೇವರ ಬಳಿ ಕ್ಷಮೆ ಕೇಳುವ ಮೊದಲು ಅಡುಗೆಮನೆಗೆ ಹೋಗಿ ಅಲ್ಲಿದ್ದವರ ಬಳಿ ಕೇಳಿ. ದೇವರಿಗೆ ಒಪ್ಪದ್ದನ್ನು ಬಿಡುವುದು ಎಂದೆನಲ್ಲ, ಶರಣಾಗತಿಯ ಆ ಎರಡನೆಯ ಅಂಗ ಇದೇ. ಮನೆಯಲ್ಲಿ ಯಾರಾದರೂ ಕೈಮಾಡುತ್ತಿದ್ದರೆ ‘ಸಹಿಸಿಕೋ, ಪ್ರಾರ್ಥಿಸು’ ಎಂಬ ಬುದ್ಧಿವಾದಕ್ಕೆ ಕಿವಿಗೊಡಬೇಡಿ. ಮಹಿಳಾ ಸಹಾಯವಾಣಿ 181ಕ್ಕೆ ಕರೆ ಮಾಡಿ.

10. ಕೇಳಿದ್ದು ಸಿಗದಾಗ

ಅತಿ ಕಷ್ಟದ ಹಂತ ಇದು. ಪರೇಲಿನ ಟಾಟಾ ಆಸ್ಪತ್ರೆಗೆ ನಮ್ಮ ಕಡೆಯಿಂದಲೂ ಎಷ್ಟೋ ಕುಟುಂಬಗಳು ಬರುತ್ತವೆ. ಅವರಲ್ಲಿ ಮನಸಾರೆ ಬೇಡಿಕೊಂಡವರೂ ಇರುತ್ತಾರೆ. ಎಲ್ಲರ ಮನೆಯವರೂ ಗುಣವಾಗಿ ಊರಿಗೆ ಮರಳುವುದಿಲ್ಲ. ‘ನಿಮ್ಮ ನಂಬಿಕೆ ಸಾಲದಾಯಿತು’ ಎಂದು ಅಂಥವರಿಗೆ ಹೇಳುವವರು ದೊಡ್ಡ ಪಾಪ ಕಟ್ಟಿಕೊಳ್ಳುತ್ತಾರೆ. ಪ್ರಾರ್ಥನೆಯ ತೂಕಕ್ಕೆ ತಕ್ಕಂತೆ ಆಯುಷ್ಯ ಅಳೆದು ಕೊಡುವ ಅಂಗಡಿಯಲ್ಲ ದೇವರ ಸನ್ನಿಧಿ. ಏಕೆ ಹೀಗಾಯಿತೆಂಬುದಕ್ಕೆ ನನ್ನ ಬಳಿ ಉತ್ತರವಿಲ್ಲ, ಉತ್ತರವಿದೆ ಎನ್ನುವವರನ್ನು ನಾನು ನಂಬುವುದಿಲ್ಲ.

ಏನು ಮಾಡಬಹುದು? ಸಿಟ್ಟು ಬಂದಿದ್ದರೆ ಸಿಟ್ಟನ್ನೇ ದೇವರ ಮುಂದೆ ಇಡಿ. ‘ಏಕೆ ಕೈಬಿಟ್ಟೆ’ ಎಂದು ಕೇಳಿ. ನಮ್ಮ ದಾಸರೂ ಶರಣರೂ ದೇವರೊಡನೆ ಜಗಳವಾಡಿದವರೇ, ನಿಂದಾಸ್ತುತಿ ಎಂಬ ಪ್ರಕಾರವೇ ನಮ್ಮಲ್ಲಿದೆ. ಬೈಯುತ್ತಲೇ ಹಿಡಿದುಕೊಳ್ಳುವ ಭಕ್ತಿ ಅದು. ಹಾಡಲು ಬಾಯಿ ಬಾರದಿದ್ದರೆ ಬೇರೆಯವರು ಹಾಡುವಲ್ಲಿ ಹೋಗಿ ಸುಮ್ಮನೆ ಕುಳಿತುಕೊಳ್ಳಿ. ಸಾಂತಾಕ್ರೂಜ್‌ನ ಪೇಜಾವರ ಮಠ, ಸಾಯನ್‌ನ ಗೋಕುಲದ ಕೃಷ್ಣ ಮಂದಿರ, ಉಪನಗರಗಳ ಶನಿ ಮಂದಿರಗಳಲ್ಲಿ ನಡೆಯುವ ಶನಿಗ್ರಂಥ ಪಾರಾಯಣ, ನಿಮ್ಮ ಜಾತಿಸಂಘದ ಭಜನೆ, ಎಲ್ಲಿಯಾದರೂ ಸರಿ. ನಿಮ್ಮ ಪಾಲಿನ ಪ್ರಾರ್ಥನೆಯನ್ನು ಕೆಲವು ಕಾಲ ಆ ಮಂದಿ ಹೊರುತ್ತಾರೆ.

ಇಂಥ ಮನೆಗೆ ಹೋಗುವವರು ಉಪದೇಶ ಒಯ್ಯಬೇಡಿ. ಗಂಜಿ, ಉಪ್ಪಿನಕಾಯಿ ಒಯ್ಯಿರಿ. ಆಸ್ಪತ್ರೆಯಲ್ಲಿ ಒಂದು ರಾತ್ರಿ ಅವರ ಬದಲು ಕುಳಿತುಕೊಳ್ಳುತ್ತೇನೆನ್ನಿ.

ಉಳಿದ ಕೆಲವು ಪ್ರಶ್ನೆಗಳು

ಸೂತಕದಲ್ಲಿ ಪ್ರಾರ್ಥಿಸಬಹುದೇ? ವಿಧಿಯ ಪೂಜೆ ನಿಲ್ಲುತ್ತದೆ, ನಾಮಸ್ಮರಣೆ ನಿಲ್ಲುವುದಿಲ್ಲ.

ಮುಟ್ಟಿನ ದಿನಗಳಲ್ಲಿ? ದೀಪ ಹಚ್ಚುವ ವಿಷಯದಲ್ಲಿ ಮನೆಮನೆಗೆ ಪದ್ಧತಿ ಬೇರೆ. ಕುಳಿತು ಮನಸ್ಸಿನಲ್ಲಿ ಬೇಡಿಕೊಳ್ಳುವುದಕ್ಕೆ ಯಾವ ದಿನವೂ ಅಡ್ಡಿಯಿಲ್ಲ, ಹೆಣ್ಣುಮಕ್ಕಳಿಗೆ ಇದನ್ನು ಬಾಯಿಬಿಟ್ಟು ಹೇಳಿ.

ಮಂಗಳವಾರ ಸಿದ್ಧಿವಿನಾಯಕನಿಗೆ ಹೋಗಲೇಬೇಕೇ? ಆಸೆಯಿದ್ದರೆ ಹೋಗಿ. ಪ್ರಭಾದೇವಿಯ ಆ ಸಾಲಿನಲ್ಲಿ ನಿಲ್ಲಲಾಗದ ಹಿರಿಯರನ್ನು ಬೇರೆ ವಾರ ಕರೆದೊಯ್ಯಿರಿ, 1801ರಿಂದ ಅಲ್ಲಿರುವ ಗಣಪತಿ ಬುಧವಾರವೂ ಅಲ್ಲಿಯೇ ಇರುತ್ತಾನೆ.

ಗಂಡ ನಾಸ್ತಿಕ, ಏನು ಮಾಡಲಿ? ನಿಮ್ಮ ಹತ್ತು ನಿಮಿಷ ನೀವು ಕೂತುಕೊಳ್ಳಿ. ಅವರಿಗಾಗಿಯೂ ಕೇಳಿ, ಅವರಿಗೆ ಕೇಳಿಸುವಂತೆ ಕೇಳಬೇಡಿ. ಊಟ ಮಾತ್ರ ಎಲ್ಲರೂ ಒಟ್ಟಿಗೆ ಮಾಡಿ.